ಪಾಯದ ಗುಂಡಿಯ ಸುಣ್ಣ

ಕಳೆದ ವಾರ ಗದ್ವಾಲಿನ ಕೋಟೆಯ ಕಡೆಯಿಂದ ತರಕಾರಿ ಚೀಲ ಹಿಡಿದುಕೊಂಡು ಬರುತ್ತಿದ್ದೆ. ಒಂದು ಓಣಿಯ ತಿರುವಿನಲ್ಲಿ ಬೆಲ್ಲದ ವಾಸನೆ ಬಂತು. ಯಾರೋ ಹೋಳಿಗೆಗೆ ಹೂರಣ ಮಾಡುತ್ತಿದ್ದಾರೆ ಅಂದುಕೊಂಡೆ. ಎರಡು ಹೆಜ್ಜೆ ಮುಂದೆ ಹೋದ ಮೇಲೆ ಆ ಬೆಲ್ಲದೊಳಗೆ ಒದ್ದೆ ಸುಣ್ಣದ ಘಾಟು, ಅಳಲೆಕಾಯಿಯ ಒಗರು ಸೇರಿಕೊಂಡವು. ಹೂರಣಕ್ಕೆ ಸುಣ್ಣ ಯಾರು ಹಾಕುತ್ತಾರೆ? ಕಾಲು ತಾನಾಗಿಯೇ ನಿಂತಿತು. ಪಕ್ಕದ ಹಳೆಯ ಮಂಟಪವೊಂದಕ್ಕೆ ನಾಲ್ಕು ಜನ ಗಚ್ಚು ಬಳಿಯುತ್ತಿದ್ದರು.

ಗಚ್ಚು ಅಂದರೇನು ಎಂದು ಈಗಿನವರಿಗೆ ಹೇಳಬೇಕಾಗುತ್ತದೆ. ಸಿಮೆಂಟು ಬರುವ ಮೊದಲು ನಮ್ಮ ಕಡೆಯ ಕೋಟೆ, ಗುಡಿ, ಬಾವಿಗಳನ್ನು ಹಿಡಿದು ನಿಲ್ಲಿಸಿದ್ದು ಅದೇ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ಹಾಕಿ, ನೀರು ಬಿಟ್ಟು ಅರಳಿಸಬೇಕು. ಆಮೇಲೆ ವಾರಗಟ್ಟಲೆ ನೀರಿನಡಿ ಕೊಳೆಯಲು ಬಿಡಬೇಕು. ಕೊಳೆತು ಬೆಣ್ಣೆಯಂತಾದ ಮೇಲೆ ಮರಳು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಅರೆಯಬೇಕು. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಅದನ್ನು ಮಾಡುವವರೊಬ್ಬರ ಪಕ್ಕದಲ್ಲಿ ನಾನು ಒಂದು ಚಳಿಗಾಲ, ಒಂದು ಬೇಸಿಗೆ ನಿಂತಿದ್ದೆ. ಅವರನ್ನು ಊರೆಲ್ಲ ಗಚ್ಚಿನ ಕಾಕಾ ಎಂದು ಕರೆಯುತ್ತಿತ್ತು.

ಊರು ಅಂದರೆ ತೆಲಂಗಾಣದಲ್ಲಿರುವ ನನ್ನ ಗಂಡನ ಊರು. ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವಾಗ ದಾರಿಯಿಂದ ಸ್ವಲ್ಪ ಒಳಗೆ ಸಿಗುತ್ತದೆ. ನಾನು ರಾಯಚೂರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಕೃಷ್ಣಾ ಹೊಳೆ ದಾಟಿ ಸೊಸೆಯಾಗಿ ಬಂದವಳು. ನಮ್ಮವರದು ಕಿರಾಣಿ ಅಂಗಡಿ. ಒಂದು ಸಲ ಸರ್ಪಂಚ್ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಊರಿನ ಎರಡು ಗುಂಪುಗಳಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ, ನಾನು ಯಾವ ಗುಂಪಿಗೂ ಸೇರಿರಲಿಲ್ಲ. ಹಾಗಾಗಿ ಗೆದ್ದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ.

ಕಾಕಾ ಎತ್ತರದ ಆಳು. ತಲೆಗೆ ಕೆಂಪು ವಸ್ತ್ರ, ಬಾಯಿಯಲ್ಲಿ ಸದಾ ತಂಬಾಕು. ಬೆರಳ ಸಂದುಗಳಲ್ಲಿ ಸುಣ್ಣ ತಿಂದ ಬಿಳಿ ಬಿರುಕುಗಳು. ಅವರಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಕೂಡುವ ಮೊದಲು ಗೋಡೆಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು. ನಮ್ಮ ಹೊಸ ಮನೆಯ ಪ್ರವೇಶದ ದಿನ, ಬೀಗರೆಲ್ಲ ಕೂತಿದ್ದಾಗ, ನಡುಮನೆಯ ಗೋಡೆ ಬಡಿದು ನೋಡಿದರು.

"ಮನಿ ಚಂದ ಐತ್ರಿ. ಆದ್ರ ಈ ಗ್ವಾಡಿ ಒಳಗ ಟೊಳ್ಳ ಐತಿ."

ನಮ್ಮತ್ತೆ ಅವರಿಗೆ ಎರಡನೆಯ ಹೋಳಿಗೆ ಹಾಕಲಿಲ್ಲ. ಆರು ತಿಂಗಳಿಗೆ ಆ ಗೋಡೆಯ ಗಿಲಾವು ಬಾಗಿಲಿನಷ್ಟು ಅಗಲ ಉದುರಿ ಬಿತ್ತು. ಅಷ್ಟು ನೇರವಾಗಿ ಯಾಕೆ ಮಾತಾಡ್ತೀರಿ ಕಾಕಾ, ಸ್ವಲ್ಪ ಸುಳ್ಳು ಹೇಳಿದರೆ ಹೊಟ್ಟೆ ತುಂಬ ಹೋಳಿಗೆ ಸಿಗುತ್ತಿತ್ತಲ್ಲ ಎಂದು ನಾನು ಛೇಡಿಸಿದರೆ, ತಂಬಾಕಿನ ಸುಣ್ಣದಿಂದ ನಾಲಿಗೆ ಸುಟ್ಟುಹೋಗಿದೆ, ಸುಳ್ಳು ಹೇಳಲು ತಿರುಗುವುದಿಲ್ಲ ಎನ್ನುತ್ತಿದ್ದರು. ಊರಿಗೂ ಅದು ಗೊತ್ತಿತ್ತು. ಯಾರಾದರೂ ನಿಜ ಹೇಳುತ್ತಿದ್ದೇನೆ ಎಂದು ಆಣೆ ಮಾಡಬೇಕಾದರೆ, "ಗಚ್ಚಿನ ಕಾಕಾನ್ನ ಕೇಳ್ರಿ ಬೇಕಾದ್ರ" ಎನ್ನುವುದು ರೂಢಿಯಾಗಿತ್ತು.

ಪಂಚಾಯಿತಿ ಕಚೇರಿಯೊಳಗೆ ಕಾಕಾ ನನ್ನನ್ನು 'ಸರ್ಪಂಚಮ್ಮನವರ' ಎನ್ನುತ್ತಿದ್ದರು, ಹೊಸ್ತಿಲು ದಾಟಿದ ಕೂಡಲೇ 'ಯವ್ವಾ'. ಆ ಹೊಸ್ತಿಲಿನ ವ್ಯತ್ಯಾಸವನ್ನು ಒಂದು ದಿನವೂ ಮರೆಯಲಿಲ್ಲ.

ಊರ ನಡುವೆ ಒಂದು ಬಾವಿಯಿತ್ತು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಒಂದು ಮಗ್ಗುಲಿಗೆ ಕಮಾನುಗಳ ಸಾಲು. ಸುತ್ತ ಒಂದಿಷ್ಟು ಬಯಲು. ಒಂದು ಕಾಲಕ್ಕೆ ಇಡೀ ಊರು ಆ ನೀರು ಕುಡಿಯುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಅದು ಕಸದ ಗುಂಡಿಯಾಗಿತ್ತು. ಬಯಲಿನ ಅಂಚಿನಲ್ಲಿ ಬೇವಿನ ಮರದ ಕೆಳಗೆ ಒಂದು ತಗಡಿನ ಗುಡಿಸಲು. ಕಾಕಾ ಇರುತ್ತಿದ್ದುದು ಅದರಲ್ಲೇ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳನ್ನು ಐಜ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು.

ನಾನು ಸರ್ಪಂಚಳಾದ ಮೊದಲ ಗ್ರಾಮಸಭೆಯಲ್ಲಿ ಊರು ಮೂರು ಬೇಡಿಕೆ ಇಟ್ಟಿತು. ಬಾಡಿಗೆ ಕೋಣೆಗಳಲ್ಲಿ, ಅವರಿವರ ಹಿತ್ತಲಲ್ಲಿ ಇರುವವರು ಮನೆ ಬೇಕು ಎಂದರು. ಹುಡುಗರು ಆಡಲು ಬಯಲು ಬೇಕು ಎಂದರು. ಮುದುಕರು ಬಾವಿ ಉಳಿಸಿ ಎಂದರು. ಮೂರೂ ನ್ಯಾಯವೇ. ನನಗೆ ಒಂದು ಮಹಾ ಬುದ್ಧಿ ಹೊಳೆಯಿತು: ಬಾವಿ ಮುಚ್ಚಿ, ಬಯಲು ಸಪಾಟು ಮಾಡಿ, ಅಲ್ಲೇ ಮನೆ ಕಟ್ಟಿಸೋಣ, ಸೊಳ್ಳೆಯೂ ಹೋಗುತ್ತದೆ ಎಂದೆ. ಚಪ್ಪಾಳೆ ಬಿತ್ತು. ಮೊದಲ ಚಪ್ಪಾಳೆ; ನಾನು ಹಿಗ್ಗಿಹೋದೆ.

ಮರುದಿನ ಮಧ್ಯಾಹ್ನ ಕಾಕಾ ಬಾಗಿಲಿಗೆ ಬಂದರು. ಒಂದು ತಾಸು ಸಮಯ ಕೊಡಬೇಕಂತೆ. ಮೂಗಿಗೆ ಸೆರಗು ಹಿಡಿದುಕೊಂಡು ಅವರ ಹಿಂದೆ ಬಾವಿಗೆ ಇಳಿದೆ. ಮೇಲೆ ತಲೆ ಸಿಡಿಯುವ ಬಿಸಿಲು. ಇಪ್ಪತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಮೈಗೆ ತಂಪು ಹತ್ತಿತು. ಕಮಾನಿನ ಹತ್ತಿರ ನಿಲ್ಲಿಸಿ ಎರಡು ಕಡೆ ಗೋಡೆ ಬಡಿದರು. ಒಂದು ಕಡೆ ಟೊಳ್ಳು ಸದ್ದು, ಇನ್ನೊಂದು ಕಡೆ ಗಟ್ಟಿ ಸದ್ದು.

"ಈ ಟೊಳ್ಳ ಸದ್ದಿಂದು ಹೋದ ಸರ್ಪಂಚರು ಹಾಕ್ಸಿದ ಸಿಮಿಟು ಯವ್ವಾ. ಹತ್ತು ವರ್ಷ ಆಗಿಲ್ಲ, ಕಲ್ಲು ಕಿತ್ಕೊಂಡು ಬರಾಕತ್ತೈತಿ. ಈ ಗಟ್ಟಿ ಸದ್ದಿಂದು ಯಾರು ಹಾಕಿದ್ದೋ, ನಮ್ಮ ಮುತ್ಯಾನ ಮುತ್ಯಾಗೂ ಗೊತ್ತಿಲ್ಲ. ಮುಚ್ಚಾಕ ಒಂದ ದಿನ ಸಾಕು. ನೀ ಮುಚ್ಚು, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ್ಸಲ ಕೈ ಹಚ್ಚಿ ನೋಡಿ ಮುಚ್ಚು."

ಕೈ ಹಚ್ಚಿದೆ. ನುಣುಪಾಗಿತ್ತು, ತಣ್ಣಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ಹಿಡಿದವಳು ನಾನೇ ಎಂದು ಆಗ ಅನ್ನಿಸಿತು. ನಾಚಿಕೆಯಾಯಿತು. ಮೆಟ್ಟಿಲು ಹತ್ತಿ ನೇರ ಕಚೇರಿಗೆ ಹೋಗಿ, ಬಾವಿ ಮುಚ್ಚುವುದು ಬೇಡ, ಮನೆಗಳಿಗೆ ಬೇರೆ ಜಾಗ ಹುಡುಕೋಣ ಎಂದು ಕಾರ್ಯದರ್ಶಿಗೆ ಹೇಳಿದೆ.

ಆಮೇಲೆ ಶುರುವಾಯಿತು ಕಾಗದದ ಕೆಲಸ. ಸರ್ಕಾರದ ಹಣಕ್ಕೆ ಒಂದೊಂದಕ್ಕೆ ಒಂದೊಂದು ಹೆಸರು. ಹಳೆಯ ಕಟ್ಟಡದ ದುರಸ್ತಿಗೆ ಬಂದ ಹಣದಲ್ಲಿ ಮನೆ ಕಟ್ಟುವಂತಿಲ್ಲ, ಮನೆಯ ಹಣದಲ್ಲಿ ಬಯಲಿಗೆ ಒಂದು ಗಿಡ ನೆಡುವಂತಿಲ್ಲ. ನಾನೂ ನಮ್ಮ ಕಾರ್ಯದರ್ಶಿಯೂ ಬಸ್ಸು ಹಿಡಿದು ಜಿಲ್ಲಾ ಕಚೇರಿಗೆ ಎಷ್ಟು ಸಲ ಅಲೆದೆವೋ... ಕೊನೆಗೆ ಬಾವಿಯ ದುರಸ್ತಿಗೆ ಮಂಜೂರಾಯಿತು. ಊರ ಹೊರಗಿನ ಸರ್ಕಾರಿ ಜಾಗದಲ್ಲಿ ಮನೆಗಳಿಗೂ ಮಂಜೂರಾಯಿತು. ಎರಡಕ್ಕೂ ಷರತ್ತುಗಳಿದ್ದವು. ಬಾವಿಯ ಕೆಲಸ ಮಾರ್ಚ್ ಮುಗಿಯುವುದರೊಳಗೆ ಮುಗಿಯಬೇಕು, ಇಲ್ಲದಿದ್ದರೆ ಹಣ ವಾಪಸ್. ಜೊತೆಗೆ ಸುತ್ತಲ ಬಯಲು ಪೂರ್ತಿ ಖಾಲಿ ಇರಬೇಕು, ಒಂದು ಗುಡಿಸಲೂ ಇರಬಾರದು. ಮನೆಗೆ ಹೆಸರು ಬಂದವರು ತಮ್ಮ ಜಾಗದಲ್ಲಿ ಮೊದಲು ಪಾಯ ಹಾಕಿ ತೋರಿಸಬೇಕು. ಅದರ ಫೋಟೊ ಆದ ಮೇಲೆಯೇ ಹಣ, ಜಾಗದ ಪಟ್ಟಾ ಎರಡೂ.

ಬಯಲಿನಲ್ಲಿ ಇದ್ದದ್ದು ಒಂದೇ ಗುಡಿಸಲು. ಕಾಕಾನಿಗೆ ಹೇಗೆ ಹೇಳಲಿ ಎಂದು ನಾನು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಹೋಗಿ ನೋಡಿದರೆ ಅವರೇ ತಗಡು ಬಿಚ್ಚುತ್ತಿದ್ದರು. ಮನೆಯ ಪಟ್ಟಿಯಲ್ಲಿ ಅವರ ಹೆಸರು ಇತ್ತು. ಇರುವಂತೆ ನಾನೇ ನೋಡಿಕೊಂಡಿದ್ದೆ. ನಗುನಗುತ್ತ ತಗಡು ಹೊತ್ತುಕೊಂಡು ಹೋಗಿ, ತಮಗೆ ಕೊಟ್ಟ ಜಾಗದಲ್ಲಿ ನಾಲ್ಕು ಕೋಲು ನೆಟ್ಟು ಅದನ್ನೇ ಹೊದಿಸಿದರು.

ಮನೆ ಅವರಿಗೆ ಯಾಕೆ ಬೇಕಿತ್ತು ಎಂದು ಅಂದು ತಿಳಿಯಿತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಬಂದು ಉಂಡಿ ತಿಂದು, ಜೋಕಾಲಿ ಆಡಿ ಹೋಗಬೇಕು. ಕಾಕಾನ ಮಗಳು ಮದುವೆಯಾದ ಮೇಲೆ ಒಂದು ಪಂಚಮಿಗೂ ಬಂದಿರಲಿಲ್ಲ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಹೊರಗೆ ಕೂಡಬೇಕಾದ ಗುಡಿಸಲಿಗೆ ಹೇಗೆ ಕರೆಯುವುದು? ಅವಳ ಅತ್ತೆ, 'ನಿಮ್ಮ ತವರುಮನಿ ಮರದ ಕೆಳಗ ಐತೇನ?' ಎಂದು ಒಮ್ಮೆ ಕೇಳಿದ್ದಳಂತೆ. ಅದನ್ನು ಹೇಳುವಾಗ ಕಾಕಾ ನನ್ನ ಮುಖ ನೋಡಲಿಲ್ಲ.

"ದೊಡ್ಡದೇನೂ ಬ್ಯಾಡ ಯವ್ವಾ. ಒಂದು ಬಾಗಲಾ ಇರ್ಬೇಕು. ಆಕಿ ಬಂದ್ರ ತೆಗಿಯಾಕ."

ಅಷ್ಟೇ ಅವರು ಕೇಳಿದ್ದು...

ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಾಗಾಗಿ ಪಾಯಕ್ಕೆ ಸಾಲು ತೋಡಿದರೆ ಸಾಲದು. ಮನೆಯಗಲಕ್ಕೂ ಗುಂಡಿ ತೋಡಿ, ಕರಿಮಣ್ಣು ತೆಗೆದುಹಾಕಿ, ಮೊರಂ ಎಂಬ ಕೆಂಪು ಗರಸುಮಣ್ಣು ತುಂಬಿ ಕುಟ್ಟಬೇಕು. ಕಾಕಾ ತಮ್ಮ ಜಾಗದಲ್ಲಿ ಆ ಗುಂಡಿ ತೋಡಿ ಮುಗಿಸಿದ್ದರು. ಮೊರಂ ಬರಬೇಕಿತ್ತು. ಆಗ ಬಾವಿಗೆ ಸುಣ್ಣ ಎಲ್ಲಿ ಕೊಳೆಹಾಕುವುದು ಎಂಬ ಪ್ರಶ್ನೆ ಬಂತು. ಬಾವಿಯ ಬಯಲಿನಲ್ಲೇ ಗುಂಡಿ ತೋಡೋಣ ಎಂದೆ ನಾನು. ಕಾಕಾ ಒಪ್ಪಲಿಲ್ಲ. ಅರಳುವ ಸುಣ್ಣ ಕುದಿಯುವ ಎಣ್ಣೆ ಇದ್ದಂತೆ, ಮಕ್ಕಳು ಆಡುವ ಜಾಗ, ಒಂದು ಕೂಸೋ ಕುರಿಯೋ ಬಿದ್ದರೆ ಏನು ಗತಿ ಎಂದರು. ನನ್ನ ಜಾಗ ಊರ ಹೊರಗಿದೆ, ಗುಂಡಿ ತಯಾರಿದೆ, ನಾನು ಪಕ್ಕದಲ್ಲೇ ಮಲಗುತ್ತೇನೆ, ಅಲ್ಲೇ ಇರಲಿ. ಪಾಯದ ಫೋಟೊ ಹೇಗೂ ಯುಗಾದಿ ಆದ ಮೇಲೆ ಎಂದಿದ್ದಾರಲ್ಲ, ಅಷ್ಟರಲ್ಲಿ ಸುಣ್ಣ ಬಾವಿಗೆ ಹೋಗಿರುತ್ತದೆ, ಗುಂಡಿ ಖಾಲಿಯಾಗಿರುತ್ತದೆ ಎಂದು ಕಾಕಾ ಲೆಕ್ಕ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದೆ.

ಸಂಕ್ರಾಂತಿಯ ಮರುದಿನ ಸುಣ್ಣದ ಕಲ್ಲು ಬಂತು. ಗುಂಡಿಯ ತಳಕ್ಕೆ ಹಾಸುಗಲ್ಲು ಇಟ್ಟು, ಕಲ್ಲು ಸುರಿದು, ನೀರು ಬಿಟ್ಟರು. ಭುಸ್ ಎಂದು ಹಬೆ ಎದ್ದಿತು. ಕಾಕಾ ತಲೆಯ ವಸ್ತ್ರ ಬಿಚ್ಚಿ ಕೈಮುಗಿದರು. ಇನ್ನು ನಲವತ್ತು ದಿನ ಯಾರೂ ಮುಟ್ಟುವಂತಿಲ್ಲ, ಶಿವರಾತ್ರಿಗೆ ತೆಗೆಯುವುದು ಎಂದರು. ದಿನಾ ಹೋಗಿ ಮೇಲೆ ನೀರು ನಿಂತಿದೆಯೋ ಇಲ್ಲವೋ ನೋಡುವುದು, ಆರಿದ್ದರೆ ಕೊಡ ಸುರಿಯುವುದು. ನಾನು ಸಂಜೆ ಅತ್ತ ಕಡೆ ಹೋದರೆ ಚಹಾ ಕಾಸಿ ಕೊಡುತ್ತಿದ್ದರು. ಸಕ್ಕರೆ ಇರುತ್ತಿರಲಿಲ್ಲ, ಬೆಲ್ಲದ ಒಂದು ಚೂರು. "ಬಾವಿ ಗಚ್ಚಿನ ಬೆಲ್ಲಾ ಕದ್ದೀನಿ, ಕಾರ್ಯದರ್ಶಿಗೆ ಹೇಳಬ್ಯಾಡ" ಎಂದು ಕಣ್ಣು ಮಿಟುಕಿಸುತ್ತಿದ್ದರು. ಆ ಬೆಲ್ಲವನ್ನು ನಮ್ಮ ಅಂಗಡಿಯಿಂದ ತಮ್ಮ ದುಡ್ಡಿನಲ್ಲಿ ಅವರೇ ಕೊಂಡಿದ್ದರು ಎಂದು ನನಗೆ ಗೊತ್ತಿತ್ತು. ಆ ಸಂಜೆಗಳಷ್ಟು ನೆಮ್ಮದಿಯ ಹೊತ್ತು ನನ್ನ ಐದು ವರ್ಷದ ಸರ್ಪಂಚಗಿರಿಯಲ್ಲಿ ಮತ್ತೆ ಸಿಗಲಿಲ್ಲ.

ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಮೇಲಿನಿಂದ ಹೊಸ ಆದೇಶ ಬಂತು: ಪಾಯದ ಫೋಟೊ ಯುಗಾದಿಯವರೆಗೆ ಕಾಯುವಂತಿಲ್ಲ, ಎಂಟು ದಿನದಲ್ಲಿ ಆಗಬೇಕು. ಆಗದವರ ಹೆಸರು ತೆಗೆದು ಪಟ್ಟಿಯಲ್ಲಿ ನಂತರ ಇದ್ದವರಿಗೆ ಕೊಡಲಾಗುವುದು.

ನಾನು ಓಡಿದೆ. ನಿಜವಾಗಿಯೂ ಓಡಿದೆ, ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು. ಸುಣ್ಣ ಎತ್ತಿಸೋಣ ಕಾಕಾ, ನಾನೇ ಆಳು ಹಚ್ಚುತ್ತೇನೆ, ಇನ್ನೊಂದು ಗುಂಡಿ ತೋಡಿಸುತ್ತೇನೆ, ಎಂಟು ದಿನದಲ್ಲಿ ಮೊರಂ ತುಂಬಿ ಪಾಯ ಎಬ್ಬಿಸೋಣ ಎಂದೆ. ಅವರು ಕೊಡದಿಂದ ನೀರು ಸುರಿಯುತ್ತಿದ್ದರು. ಸುರಿದು ಮುಗಿಸಿ ಕೊಡ ಕೆಳಗಿಟ್ಟರು. ಬಹಳ ಹೊತ್ತು ಗುಂಡಿಯನ್ನೇ ನೋಡಿದರು.

"ಆಗಂಗಿಲ್ಲ ಯವ್ವಾ. ಸುಣ್ಣ ಬಸುರಿ ಇದ್ದಂಗ. ನಡುವ ಎತ್ತಿದ್ರ ಗಾಳಿ ಕುಡೀತದ. ಸತ್ತಹೋಗ್ತದ."

"ಎಲ್ಲಾ ಸಾಯ್ತದ?"

"ಎಲ್ಲಾ."

"ಮತ್ತ ಹೊಸಾ ಸುಣ್ಣ ಹಾಕಿದ್ರ?"

"ಮತ್ತ ನಲವತ್ತು ದಿನ. ಮಾರ್ಚ್ ಎಲ್ಲೈತಿ, ನೀ ಎಲ್ಲಿದ್ದಿ?"

ಗಚ್ಚಿನ ಕಾಕಾ ಹೇಳಿದ ಮೇಲೆ ಮುಗಿಯಿತು. ಊರು ಆಣೆ ಮಾಡುತ್ತಿದ್ದ ನಾಲಿಗೆ ಅದು. ಮಂಡಲ ಕಚೇರಿಗೆ ಹೋಗಿ ಅವರೊಬ್ಬರಿಗೆ ಇನ್ನಷ್ಟು ಗಡುವು ಕೊಡಿ ಎಂದು ಕೇಳಿದೆ, ಅರ್ಜಿ ಬರೆದೆ, ಕೈಮುಗಿದೆ; ಒಪ್ಪಲಿಲ್ಲ. ಎಂಟನೆಯ ದಿನ ಮನೆಗಳ ಇಂಜಿನಿಯರು ಫೋನ್ ಹಿಡಿದು ಬಂದರು. ಸಣ್ಣ ವಯಸ್ಸಿನವರು, ಕೆಟ್ಟವರೇನಲ್ಲ. ಗುಂಡಿಯ ಅಂಚಿನಲ್ಲಿ ನಿಂತು ತೆಲುಗಿನಲ್ಲಿ, "ಇದಿ ಬೇಸ್‌ಮೆಂಟ್ ಕಾದು ಮೇಡಂ, ಸುನ್ನಂ ಗುಂಟ" ಎಂದರು. ಇದು ಪಾಯವಲ್ಲ, ಸುಣ್ಣದ ಗುಂಡಿ. ಇರುವುದನ್ನು ಇರುವ ಹಾಗೆ ಫೋಟೊ ತೆಗೆಯಬೇಕಾದದ್ದು ಅವರ ಕೆಲಸ. ತೆಗೆದರು. ಕಾಕಾ ಅವರಿಗೆ ಬೆಲ್ಲದ ಚಹಾ ಕೊಟ್ಟರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಸರು ಹೋಯಿತು, ಜಾಗವೂ ಹೋಯಿತು. ನಾನು ಅತ್ತುಬಿಟ್ಟೆ, ಕಾಕಾ ಅಳಲಿಲ್ಲ. ಮುಂದಿನ ಪಟ್ಟಿ ಬರುತ್ತದಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದರು.

ಶಿವರಾತ್ರಿಯ ಮರುದಿನ ಸುಣ್ಣ ಎತ್ತಿದರು. ಸಲಿಕೆಯಿಂದ ಜಾರುವಷ್ಟು ನಯ. ಹಳೆಯ ಗಾಣದ ಕಲ್ಲು ಹುಡುಕಿ ತಂದು, ಎತ್ತು ಕಟ್ಟಿ ಅರೆಸಿದರು. ಊರೆಲ್ಲ ಬೆಲ್ಲದ ವಾಸನೆ. ಹೋದ ಸರ್ಪಂಚರ ಸಿಮೆಂಟನ್ನು ಕಾಕಾ ಕೆತ್ತಿ ತೆಗೆದ ಸಂಭ್ರಮ ನೋಡಬೇಕಿತ್ತು. ಹಳೆಯ ಸೇಡು ತೀರಿಸಿಕೊಳ್ಳುವವರಂತೆ ಒಂದೊಂದು ಹಪ್ಪಳಿಕೆ ಬಿದ್ದಾಗಲೂ ಒಂದೊಂದು ಬೈಗುಳ. ಬೆಳಗಿನಿಂದ ಸಂಜೆಯವರೆಗೆ ಹಲಗೆಯ ಮೇಲೆ ನಿಂತು, ಅಂಗೈಯಿಂದ ಗಚ್ಚು ಒತ್ತಿ, ನುಣುಪು ಕಲ್ಲಿನಿಂದ ತೀಡುತ್ತಿದ್ದರು. ಊಟಕ್ಕೆ ಕರೆದರೆ, ಗಚ್ಚು ಆರುತ್ತದೆ, ಹೊಟ್ಟೆ ಆರುವುದಿಲ್ಲ ಎಂದು ಬೈದು ಕಳಿಸುತ್ತಿದ್ದರು. ಮಾರ್ಚ್ ಮುಗಿಯಲು ಮೂರು ದಿನ ಇರುವಾಗ ಕೊನೆಯ ಕಮಾನು ಮುಗಿಯಿತು. ಅಧಿಕಾರಿಗಳು ಬಂದು ಫೋಟೊ ತೆಗೆಸಿಕೊಂಡರು. ಪೇಪರಿನಲ್ಲಿ ನನ್ನದೂ ಬಂತು, ಹೊಸ ಇಳಕಲ್ ಸೀರೆ ಉಟ್ಟದ್ದು. ಕಾಕಾ ಅದರಲ್ಲಿಲ್ಲ, ಆ ಹೊತ್ತಿಗೆ ಅವರು ಕೆಳಗಿನ ಮೆಟ್ಟಿಲಲ್ಲಿ ಗೋಡೆ ಬಡಿದು ನೋಡುತ್ತಿದ್ದರು.

ಬಾವಿಯ ಮಗ್ಗುಲಿಗೆ ಪಂಚಾಯಿತಿಯ ಮೋಟಾರಿನ ಕೋಣೆ ಇತ್ತು. ಕಾವಲಿನ ನೆಪ ಮಾಡಿ ಕಾಕಾನನ್ನು ಅದರಲ್ಲಿ ಇರಿಸಿದೆ. ಬಾಗಿಲೇನೋ ಇತ್ತು. ಆದರೆ ಅರ್ಧ ಕೋಣೆ ಮೋಟಾರಿನದು, ಅದು ಶುರುವಾದರೆ ಮಾತು ಕೇಳಿಸುತ್ತಿರಲಿಲ್ಲ.

ಆ ವರ್ಷದ ಪಂಚಮಿಗೆ ನಾನೇ ಐಜಕ್ಕೆ ಹೋಗಿ ಅವರ ಮಗಳನ್ನು ಕರೆದುಕೊಂಡು ಬಂದೆ. ನಮ್ಮ ಮನೆಯಲ್ಲಿ ಇಳಿಸಿದೆ. ನಮ್ಮತ್ತೆ, ಹೋಳಿಗೆ ಬಡಿಸದೆ ಕಳಿಸಿದ ಅದೇ ಅತ್ತೆ, ಅವಳಿಗೆ ಎಣ್ಣೆ ಹಚ್ಚಿ ಎರೆದಳು, ಉಂಡಿ ಕಟ್ಟಿ ಕೊಟ್ಟಳು. ಕಾಕಾ ಒಗೆದ ಧೋತರ ಉಟ್ಟುಕೊಂಡು ಬೀಗರಂತೆ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಕೂಡುವ ಮೊದಲು ಗೋಡೆ ಬಡಿಯಲು ಕೈ ಎತ್ತಿದವರು, ಅತ್ತೆಯ ಮುಖ ನೋಡಿ ಕೈ ಇಳಿಸಿದರು. ಮನೆಯವರೆಲ್ಲ ನಕ್ಕೆವು.

ಬಯಲಿನ ಬೇವಿನ ಮರಕ್ಕೆ ಹುಡುಗರು ಜೋಕಾಲಿ ಕಟ್ಟಿದ್ದರು. ಮೊದಲು ಅಲ್ಲಿ ಕಟ್ಟಲು ಆಗುತ್ತಿರಲಿಲ್ಲ, ಕಾಕಾನ ತಗಡು ಅಡ್ಡ ಬರುತ್ತಿತ್ತು. ಮಗಳು ಜೋಕಾಲಿ ಏರಿದಳು. ಎರಡು ಮಕ್ಕಳ ತಾಯಿ, ನಾಚಿಕೊಂಡು ಏರಿ, ಆಮೇಲೆ ನಾಚಿಕೆ ಬಿಟ್ಟು ಜೀಕಿದಳು. ಅವಳ ಕಾಲು ಹಾದುಹೋಗುತ್ತಿದ್ದ ನೆಲದಲ್ಲಿ ಅವರ ಹಳೆಯ ಒಲೆಯ ಕಪ್ಪು ಇನ್ನೂ ಸ್ವಲ್ಪ ಕಾಣುತ್ತಿತ್ತು. ಕಾಕಾ ಬಾವಿಯ ಮೇಲಿನ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದರು. ನನ್ನ ಕಡೆ ತಿರುಗಿ, "ಜಾಗ ಖುಲ್ಲಾ ಆಗಿದ್ದು ಛಲೋ ಆತ್ ನೋಡು" ಎಂದರು. ಅವರ ದನಿಯಲ್ಲಿ ಕಹಿ ಇದೆಯೇ ಎಂದು ನಾನು ಕಿವಿಗೊಟ್ಟು ಕೇಳಿದೆ. ಇರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅವರು ಹೋದರು. ಒಂದು ವಾರ ಕೆಮ್ಮು, ಮಕ್ತಲ್ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದದ್ದು, ಅಷ್ಟೇ. ಮುಂದಿನ ಪಟ್ಟಿ ಅವರು ಇರುವವರೆಗೆ ಬರಲಿಲ್ಲ. ನನ್ನ ಅವಧಿ ಮುಗಿಯಿತು. ಅಂಗಡಿ ಸಾಗದೆ ನಾವು ಗದ್ವಾಲಿಗೆ ಬಂದೆವು. ಅವರ ಜಾಗದಲ್ಲಿ ಬೇರೆಯವರು ಮನೆ ಕಟ್ಟಿಕೊಂಡಿದ್ದಾರೆ, ಅವರೂ ಬಡವರೇ, ಅವರಿಗೂ ಒಂದು ಬಾಗಿಲು ಬೇಕಿತ್ತು. ಹಿತ್ತಲಲ್ಲಿ ಸುಣ್ಣದ ಬಿಳಿ ಇನ್ನೂ ಇದೆ, ಮೆಣಸಿನ ಗಿಡ ಹಚ್ಚಿದರೆ ಬರುವುದಿಲ್ಲ ಎಂದು ಆ ಮನೆಯಾಕೆ ಒಮ್ಮೆ ಹೇಳಿದಳು.

ಇಷ್ಟೆಲ್ಲ ಆ ಓಣಿಯಲ್ಲಿ ನಿಂತಾಗ ಒಮ್ಮೆಗೇ ನೆನಪಾಯಿತು. ಗಚ್ಚು ಬಳಿಯುತ್ತಿದ್ದ ಮೇಸ್ತ್ರಿ ನನ್ನನ್ನು ನೋಡಿ, ಏನು ಬೇಕಿತ್ತು ಎಂದು ಕೇಳಿದ. ಅವನ ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳ ಸಾಲು ಇತ್ತು. ಅವುಗಳಲ್ಲಿ ಏನಿದೆ ಎಂದೆ. ಸುಣ್ಣ ಎಂದ. ಇಲ್ಲಿ ಕೊಳೆಹಾಕಲು ಜಾಗವಿಲ್ಲ, ಬೇರೆ ಕಡೆ ಹಾಕಿದ್ದನ್ನು ನಡುವೆಯೇ ಎತ್ತಿ ತಂದದ್ದಂತೆ. ನಾನು ಹತ್ತಿರ ಹೋಗಿ ಕೇಳಿದೆ.

"ನಡುವ ಎತ್ತಿದ್ರ ಸುಣ್ಣ ಸಾಯಂಗಿಲ್ಲೇನಪ್ಪಾ?"

ಅವನು ನಕ್ಕ. "ಸುಣ್ಣ ಯಾಕ ಸಾಯ್ತದ್ರಿ ಅಮ್ಮಾ? ಮ್ಯಾಲ ನೀರು ನಿಲ್ಲಿಸಿ, ಡ್ರಮ್ಮಿನಾಗ ತುಂಬಿ ಎಲ್ಲಿಗಾದ್ರೂ ಒಯ್ಯಬಹುದು. ಹಿಂದಕ ಗಡಿಗ್ಯಾಗ ಒಯ್ತಿದ್ರು. ಒಯ್ದ್ರ ತೆಗಿಯೋ ದಿನಾ ಹದಿನೈದು ದಿನ ಮುಂದಕ್ಕ ಹೋಗ್ತದ, ಅಷ್ಟ. ಇದು ಗಚ್ಚಿನ ಕೆಲಸ ಮಾಡೋ ಎಲ್ಲಾರಿಗೂ ಗೊತ್ತಿರ್ತದ."

ತರಕಾರಿ ಚೀಲ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಹದಿನೈದು ದಿನ. ಹದಿನೈದು ದಿನ ತಡವಾಗಿದ್ದರೆ ಬಾವಿಯ ಕೆಲಸ ಮಾರ್ಚಿನೊಳಗೆ ಮುಗಿಯುತ್ತಿರಲಿಲ್ಲ, ಹಣ ವಾಪಸ್ ಹೋಗುತ್ತಿತ್ತು. ಆದರೆ ಕಾಕಾನ ಮನೆ ಉಳಿಯುತ್ತಿತ್ತು. ಆ ಸಂಜೆ ಅವರು ಕೊಡ ಕೆಳಗಿಟ್ಟು, ಗುಂಡಿಯನ್ನು ನೋಡುತ್ತ ಅಷ್ಟು ಹೊತ್ತು ಸುಮ್ಮನಿದ್ದದ್ದು ಇದಕ್ಕೆ. ಹದಿನೈದು ದಿನ ಎಂದು ನಿಜ ಹೇಳಿದ್ದರೆ, ಬಾವಿಯೋ ಅವರ ಮನೆಯೋ ಎಂದು ನಾನು ಆರಿಸಬೇಕಾಗುತ್ತಿತ್ತು. ಸಾಯುತ್ತದೆ ಎಂದರೆ ಆರಿಸುವ ಮಾತೇ ಇಲ್ಲ. ಹೊರೆಯನ್ನು ಸುಣ್ಣದ ತಲೆಗೆ ಕಟ್ಟಿ, ನನ್ನನ್ನು ಬಿಡಿಸಿಬಿಟ್ಟರು. ಆ ಸುಟ್ಟ ನಾಲಿಗೆ ಜೀವಮಾನದಲ್ಲಿ ಒಂದೇ ಸಲ ತಿರುಗಿತು, ಅದೂ ನನಗಾಗಿ.

ನಾನು ಯಾವುದನ್ನು ಆರಿಸುತ್ತಿದ್ದೆ? ಒಂದು ವಾರದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಕಾಕಾನ ಮನೆಯನ್ನೇ ಎಂದು ಹೇಳಲು ಬಾಯಿ ಬರುತ್ತದೆ. ಆದರೆ ಆ ದಿನಗಳ ನನ್ನನ್ನು ನಾನು ಬಲ್ಲೆ. ಚಪ್ಪಾಳೆಯ ರುಚಿ ಹತ್ತಿತ್ತು. ಇಳಕಲ್ ಸೀರೆಯನ್ನು ಕೆಲಸ ಮುಗಿಯುವ ಮೊದಲೇ ಕೊಂಡಿಟ್ಟಿದ್ದೆ... ಅದನ್ನೂ ಕಾಕಾ ಕಂಡಿದ್ದರೋ ಏನೋ.

ಬರುವ ಪಂಚಮಿಗೆ ಅವರ ಮಗಳು ಗದ್ವಾಲಿಗೆ, ನಮ್ಮ ಮನೆಗೆ ಬರುತ್ತಾಳೆ. ಪ್ರತಿ ವರ್ಷ ಬರುತ್ತಾಳೆ. ತನ್ನ ತವರನ್ನು ಸುಣ್ಣ ನುಂಗಿತು ಎಂದೇ ಅವಳು ಇಷ್ಟು ದಿನ ನಂಬಿದ್ದಾಳೆ. ಈ ಸಲ ಎಲ್ಲ ಹೇಳಬೇಕೆಂದಿದ್ದೇನೆ, ಇಳಕಲ್ ಸೀರೆಯನ್ನೂ ಸೇರಿಸಿ. ಕೇಳಿ ಅವಳು ಸಿಟ್ಟಾದರೆ ಆಗಲಿ. ಬರುವುದನ್ನು ನಿಲ್ಲಿಸಿದರೆ ಮಾತ್ರ ನನಗೆ ತಡೆಯಲಿಕ್ಕಾಗದು.

ಈ ಬಾಡಿಗೆ ಮನೆಗೆ ಬಂದು ವರ್ಷಗಳಾದವು. ಇದರ ಗೋಡೆ ಗಟ್ಟಿಯೋ ಟೊಳ್ಳೋ ನನಗೆ ಗೊತ್ತಿಲ್ಲ. ನಿನ್ನೆ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ನೋಡಿದೆ. ಏನೋ ಒಂದು ಸದ್ದು ಬಂತು. ಅದು ಏನು ಎಂದು ಹೇಳುವವರು ಇಲ್ಲ.